ಎಡಗಡೆ ಒಂದಿಂಚು

ನಾಕು ಹಾಳಿ ಫಾರ್ಮು. ಹುಬ್ಬಳ್ಳಿಯಿಂದ ತಂದು ಎಂಟು ದಿನಾ ಆತು.
ದೇವರ ಜಗಲಿ ಮ್ಯಾಲೆ, ಗಡಿಯಾರದ ಹಿಂದ,
ಜ್ವಾಳದ ಡಬ್ಬಿ ಕೆಳಗ, ಜಾಗಾ ಬದಲಿಸಿ ಬದಲಿಸಿ ಇಟ್ಟೆ.
ನಾಳೆ ಹತ್ತೂವರಿಗೆ ಬಾ ಅಂದಾರ.
ಇವತ್ತ ಬರೀಬೇಕು.

ಮೊದಲ ಪೆನ್ಸಿಲ್ಲಿಲೆ ಬರೀತೀನಿ, ಅಂದೆ.
ಬರಿ, ಅಂದ್ರು ಇವರು. ಪ್ರೆಸ್ಸಿನಿಂದ ಆಗಷ್ಟ ಬಂದಿದ್ರು,
ಉಗುರಿನ ಸಂದ್ಯಾಗ ಒಣಗಿದ ಮೈದಾ ಅಂಟು.

‘ಹೆಸರು ಹಿಡಿದು ಕರೆದಾಗ ಮಗು ತಿರುಗಿ ನೋಡುತ್ತದೆಯೇ?’
ಅನ್ನದಾನಿ. ಇವರ ಅಜ್ಜನ ಹೆಸರು.
ತೊಟ್ಟಲಕ್ಕ ಬಗ್ಗಿ ಕುರ್‍ರ್ ಅಂತ ಕಿವ್ಯಾಗ ಹೇಳಿದ್ಲು ಸೋದರತ್ತಿ,
ಅಕಿ ಬೆನ್ನಿಗೆ ಗುದ್ದು ಬಿದ್ದುವು, ಮನಿ ತುಂಬ ನಗಿ.
ಆ ಹೆಸರು ಒಳಗ ಹೋಗಿ ಎಲ್ಲಿ ಕುಂತೈತೋ.
ಮೂರೂವರಿ ವರ್ಷ ಆತು, ಕರಕೋತನ ಅದೀನಿ.

ಆದರ ಇವರು ಎಲುಬಿನ ಪಟ್ಟಿ ಹಿಡಿದು ಹಾಳಿ ಮಡಚಿದ್ರ,
ಸರ್ ಅಂತ ಒಂದ ಎಳಿ ಸಪ್ಪಳ,
ಬೆಟಗೇರಿ ಓಣಿ ಆ ತುದಿಗೆ ಇದ್ರೂ ಓಡಿ ಬರ್ತಾನ.
ಅದನ್ನೆಲ್ಲಿ ಬರೀಲಿ? ಆ ಪ್ರಶ್ನಿನ ಇಲ್ಲ.

‘ಎಷ್ಟು ಪದಗಳನ್ನು ಆಡುತ್ತದೆ?’
ಎರಡು, ಅಂದೆ. ಮೂರು, ಅಂದ್ರು ಇವರು.
ಎಣಸ್ರಿ.
ಬಸ್ಸು. ಬ್ಯಾಡ. ಗ್ಗ.
ಗ್ಗ ಅನ್ನೂದು ಪದ ಹೆಂಗಾತು?
ಗ್ಗ ಅಂದ್ರ ನೀರು. ನಿನಗ ಗೊತ್ತಿಲ್ಲೇನು?
ನನಗ ಗೊತ್ತೈತ್ರಿ. ಅವರಿಗೆ ಗೊತ್ತಾಗಬೇಕಲ್ಲ.

ಒಲಿ ಮುಂದಿಂದ ಅತ್ತಿ:
ಇವರಪ್ಪನೂ ನಾಕು ತುಂಬಿದ ಮ್ಯಾಲೆ ಬಾಯಿ ಬಿಟ್ಟ.
ಈಗ ಮುಚ್ಚತಾನೇನು ಕೇಳು.
ರೊಟ್ಟಿ ಬಡಿಯೂ ಸಪ್ಪಳ ಜೋರಾತು. ಸುಮ್ಮಾದ್ವಿ.
ಆಮ್ಯಾಲೆ ಹಿಟ್ಟಿನ ಕೈಲೆ ಬಂದು ಬಾಜೂಕ ಕುಂತು,
ಸಣ್ಣ ದನೀಲೆ: ಕಣ್ಣಾಗ ಕಣ್ಣಿಟ್ಟು ನೋಡೂದಿಲ್ಲಲ್ಲ,
ಅದನ್ನ ಬರದಿಯಿಲ್ಲವಾ?

ನಿನ್ನಿ ನಾ ಒಂದು ಕಳ್ಳತನ ಮಾಡೀನಿ.
ಅಲ್ಲಿ ಒಂದರ ಮ್ಯಾಲೊಂದು ಇಡಸಿ ನೋಡತಾರ ಅಂತ
ಮೆಹರೂನಬಿ ಹೇಳಿದ್ಲು, ಅಕಿ ಮೊಮ್ಮಗಳು ಹೋಗ್ತಾಳ.
ಮಧ್ಯಾಹ್ನ ಪೂರ್ತಿ ಸ್ಟೀಲಿನ ವಾಟಿ ಹಿಡಕೊಂಡು ಕುಂತೆ.
ಇಡು. ಇದರ ಮ್ಯಾಲ ಇಡು. ನೋಡಿಲ್ಲಿ, ಹಿಂಗ.
ಅಂವ ಬಾಗಲದಿಂದ ಬಚ್ಚಲತನಕ ಸಾಲ ಹಚ್ಚಿದ,
ಒಂದರ ಮೂತಿಗೆ ಒಂದರ ಮೂತಿ ತಾಗಿಸಿ.
ನೆಲಕ್ಕ ಗಲ್ಲಾ ಹಚ್ಚಿ ಮಲಗಿ ಆ ಸಾಲು ನೋಡಿದ.
ಸಿಟ್ಟಿಲೆ ನಡುವಿನ ವಾಟಿ ಒಂದು ಕಸಗೊಂಡೆ.

ಅಂವ ಅತ್ತದ್ದು ಹೆಂಗ ಹೇಳಲಿ.
ಪರೀಕ್ಷಾಕ್ಕ ಚೀಟಿ ಕೊಡಾಕ ಹೊಂಟಿದ್ದೆ ನಾ.
ರಾತ್ರಿ ಎದ್ದು ಬಂದು ನಾನೂ ನೆಲಕ್ಕ ಗಲ್ಲಾ ಹಚ್ಚಿದೆ.
ವಾಟಿ ಇದ್ದಿಲ್ಲ. ನೆಲ ತಣ್ಣಗಿತ್ತು, ಅಷ್ಟ.

ಚೀಲದಾಗ ಇಟ್ಟದ್ದು: ಲಸಿಕಿ ಕಾರ್ಡು, ಎರಡು ಚಡ್ಡಿ,
ಕೊರಳ ಹಿಂದಿನ ಚೀಟಿ ಕತ್ತರಿಸಿದ ಹಳೇ ಅಂಗಿ (ಹೊಸಾದು ಚುಚ್ಚತೈತಿ),
ಒಣಾ ಅವಲಕ್ಕಿ, ಹಸೀದು ಮುಟ್ಟೂದಿಲ್ಲ,
ತಗ್ಗು ಬಿದ್ದ ವಾಟಿ, ಅದರಾಗಷ್ಟ ನೀರು ಕುಡಿತಾನ.
ಮತ್ತ ಕಟಿಂಗಿನಾಗ ಉಳದ ಹಾಳಿ, ಒಂದು ಕಟ್ಟು,
ರೈಲಿನಾಗ ಮಡಚಾಕ. ಹುಲಕೋಟಿ ದಾಟಿಸಿದ್ರ ಸಾಕು,
ಅಣ್ಣಿಗೇರಿ ಮುಟ್ಟಿಸಿದ್ರ ಪುಣ್ಯ.

ಎಲ್ಲಾ ಕಡೆ ‘ಕೆಲವೊಮ್ಮೆ’ ಅಂತನ ಬರದಿದ್ದೆ ಪೆನ್ಸಿಲ್ಲಿಲೆ.
ಅಳಿಸಲಿಲ್ಲ. ಅದರ ಮ್ಯಾಲೆ ನೀಲಿ ಪೆನ್ನು ಓಡಿಸಿದೆ:
ಇಲ್ಲ. ಇಲ್ಲ. ಇಲ್ಲ. ಇದೊಂದು ಖರೇನ ಕೆಲವೊಮ್ಮೆ. ಇಲ್ಲ.

ಕಡೀ ಪ್ರಶ್ನಿ: ‘ನಿಮ್ಮ ಮಗುವಿಗೆ ಏನೇನು ಇಷ್ಟ?’
ಎರಡ ಗೆರಿ ಜಾಗಾ ಬಿಟ್ಟಾರ.
ಇದನ್ನ ಇಲ್ಲೀತನಕ ಯಾರೂ ಕೇಳಿದ್ದಿಲ್ಲ.
ಹಾಳಿ ಹಿಂದಕ್ಕ ತಿರುವಿದೆ, ಅದೂ ತುಂಬಿತು.
ಇವರು ಕಟ್ಟಿನಾಗಿಂದ ಇನ್ನೊಂದು ಎಳದು ಕೊಟ್ರು:
ಎಡಗಡೆ ಒಂದಿಂಚು ಬಿಡು.
ಯಾಕ?
ಹೊಲಿಗಿಗೆ. ಇದು ನಾಕು ಹಾಳಿಗೆ ಮುಗಿಯೂದಲ್ಲ.

ಐದಕ್ಕ ಅಲಾರಾಂ ಇಟ್ಟು ದೀಪಾ ಆರಿಸಿದ್ವಿ.
ಕತ್ತಲಾಗ ಅಂವ ಎಚ್ಚರ ಇದ್ದ.
ಗ್ಗ, ಅಂದ.
ಇವರು ಎದ್ದು ಗ್ವಾಡಿ ಹಿಡಕೋತ ವಾಟಿ ಹುಡುಕಿದ್ರು.
ಅದು ಚೀಲದಾಗ, ಎಲ್ಲಾದರ ತಳಕ್ಕ.
ಕಟ್ಟಿದ್ದೆಲ್ಲಾ ಬಿಚ್ಚಿದ್ವಿ.