ಉಪ್ಪಿನೊಳಗಿನ ಕ್ರಿಯಾಪದ

ಮಂಗಳವಾರ, ಗುರುವಾರ ಸಂಜೆ ಏಳಕ್ಕೆ
ಮುಚ್ಚಿಹೋದ ಮೀನು ಕಾರ್ಖಾನೆಯ ಮಹಡಿಯಲ್ಲಿ ನಮ್ಮ ತರಗತಿ.
ಸಂತೋನ್ಯಾದಲ್ಲಿ ಗೋಡೆಗೂ ಮೀನಿನ ವಾಸನೆ,
ಒಗೆದು ಹಾಕಿದ ಬಟ್ಟೆಗೂ.
ಕಲಿಸುವ ಒಬ್ದುಲಿಯಾ ಓದಿ ಟೀಚರಾದವಳಲ್ಲ.
ನಲವತ್ತೊಂದು ವರ್ಷ ಇದೇ ಕಟ್ಟಡದ ಕೆಳಗೆ
ಬೆರಳುದ್ದದ ಆಂಚೊವಿಗೆ ಉಪ್ಪು ಹಾಕಿದವಳು.
ಚಾಕ್ ಹಿಡಿದರೂ ಚೂರಿ ಹಿಡಿದ ಹಾಗೆಯೇ.

"ಕೇಳಿ, ಭೂತಕಾಲ ಎರಡು ಬಗೆ.
ಒಂದು, ತಲೆ ಮುರಿದು ಬಿಸಾಕಿದ್ದು. ಆಯಿತು, ಹೋಯಿತು.
ಇನ್ನೊಂದು, ಪೀಪಾಯಿಯೊಳಗೆ ಮೀನಿನ ಮೇಲೆ ಉಪ್ಪು,
ಉಪ್ಪಿನ ಮೇಲೆ ಮೀನು, ಎಲ್ಲದರ ಮೇಲೊಂದು ಕಲ್ಲು.
ಎಂಟು ತಿಂಗಳು ಕಳೆದರೂ ಆಗುತ್ತಲೇ ಇರುತ್ತದೆ.
ಇವತ್ತು ಅದು."

ಬೋರ್ಡಿನ ಮೇಲೆ ಆಬಾ, ಈಯಾ.
ಆರ್ ಎಂದು ಮುಗಿಯುವವಕ್ಕೆ ಆಬಾ, ಎರ್ ಇರ್‌ಗಳಿಗೆ ಈಯಾ.
ಒಂದು ಬಾಲ ಕೊಯ್ದು ಇನ್ನೊಂದು ಅಂಟಿಸುವ ಕೆಲಸ.
ಹಾಡುತ್ತಿದ್ದೆ, ಕಾಂತಾಬಾ.
ಹೊಲಿಯುತ್ತಿದ್ದೆ, ಕೊಸೀಯಾ.
'ನಾವು' ಬಂದರೆ ಆಬಾದ ನೆತ್ತಿಗೆ ಒಂದು ಗೀರು.
"ಗಂಟಲಿಗೆ ಸಿಕ್ಕ ಮುಳ್ಳಿನಷ್ಟು. ಮರೆಯಬೇಡಿ."

ಮೊಲ್ದೋವಾದ ವ್ಯಾಚೆಸ್ಲಾವ್ ಎದ್ದು ನಿಂತು
"ನಾನು ಸಿಗರೇಟು ಸೇದುತ್ತಿದ್ದೆ" ಅಂದ,
ಕಿವಿಯ ಸಂದಿಯಲ್ಲೇ ಒಂದು ಇಟ್ಟುಕೊಂಡು.
"ವ್ಯಾಕರಣ ಸರಿ ಇದೆ" ಅಂದಳು.
ಉಸೈನು ಬರೆದ:
ನಮ್ಮ ದೋಣಿಯನ್ನು ಕಡಲು ಗುರುತು ಹಿಡಿಯುತ್ತಿತ್ತು.
ಅದರ ಮೇಲೆ ಅವಳ ಕೆಂಪು ಪೆನ್ನು
ಬಹಳ ಹೊತ್ತು ತೆರೆದೇ ಇತ್ತು, ಇಳಿಯಲಿಲ್ಲ.

ನನ್ನ ಸರದಿ. ಬಿಬೀಯಾ ಎಂದು ಬರೆದೆ,
ಅಂಗಳದಲ್ಲಿ ದಾಳಿಂಬೆ ಗಿಡವಿದ್ದ ಮನೆಯಲ್ಲಿ.
"ಯಾರು ವಾಸಿಸುತ್ತಿದ್ದದ್ದು, ನನುಲಿ? ನೀನೋ, ಅವಳೋ?
ಇಲ್ಲಿ ನನಗೂ ಅವಳಿಗೂ ಒಂದೇ ರೂಪ.
ಯಾರೆಂದು ಬಿಡಿಸಿ ಹೇಳಬೇಕು."
ಕುತಾಯಿಸಿಯ ಆ ಮೆಟ್ಟಿಲ ಮೇಲೆ ಕಾಲು ಚಾಚಿ
ಕೆಂಪು ಕಾಳು ಬಿಡಿಸುತ್ತಿದ್ದವಳ ಮುಖ ನೋಡಿದೆ.
ಗೊತ್ತಿಲ್ಲ, ಅಂದೆ.
ಎಲ್ಲರೂ ನಕ್ಕರು. ನಾನೂ.

ಹಗಲಿಡೀ ನಾನು ನೋಡಿಕೊಳ್ಳುವುದು ದೊನ್ಯಾ ಕಾಸಿಲ್ದಾಳನ್ನು.
ಇವತ್ತು ಯಾವ ವಾರ, ತಿಳಿಯದು.
ಈಗಷ್ಟೇ ಸೂಪು ಕುಡಿದದ್ದು ನೆನಪಿಲ್ಲ.
ಕಿಟಕಿಯ ಬಳಿ ಕೂತು ಎರಡೇ ಮಾತು,
ಕೊಸೀಯಾ. ಎಸ್ಪೆರಾಬಾ.
ಹೊಲಿಗೆ, ಆಮೇಲೆ ಕಾಯುವುದು.
ಆರು ತಿಂಗಳಿಂದ ಅವಳ ಉಗುರು ಕತ್ತರಿಸುತ್ತ
ಹೂಂ, ಹೂಂ ಅನ್ನುತ್ತಿದ್ದೆ,
ಅದು ಯಾವುದೋ ಮದ್ದಿನ ಹೆಸರೆಂಬಂತೆ.

ಶುಕ್ರವಾರ ಬೆಳಿಗ್ಗೆ ಕೇಳಿಯೇಬಿಟ್ಟೆ:
ಯಾರು ಕಾಯುತ್ತಿದ್ದದ್ದು? ನೀವಾ?
ಅವಳು ಬೆರಳೆತ್ತಿ ತನ್ನ ಎದೆಯ ಕಡೆ ತಿರುಗಿಸಹೋಗಿ
ದಾರಿಯಲ್ಲೇ ನಿಲ್ಲಿಸಿ,
ನನ್ನ ಏಪ್ರನ್ನಿನ ಜೋತುಬಿದ್ದ ಗುಂಡಿ ಹಿಡಿದುಕೊಂಡಳು.

ಸೂಜಿ ದಾರ ತಂದಿಟ್ಟೆ.
ಅವಳ ಕೈ ನಡುಗುತ್ತದೆ, ನನ್ನ ಕಣ್ಣು ಮಂಜು.
ಹನ್ನೊಂದು ಹೊಡೆದಾಗಲೂ
ದಾರ ಪೋಣಿಸುತ್ತಿದ್ದೆವು.