ಬೀಜಿಲ್ಲದ ಸಾಕ್ಷಿ

ಕಾಗಿಗೆ ಹತ್ತು ರೂಪಾಯಿ, ನರಿಗೆ ಮುನ್ನೂರು.
ಮಲಕಣ್ಣ ಕಾಕಾನ ಒಣದ್ರಾಕ್ಷಿ ಲೆಕ್ಕದ ವಹಿ,
ಅದರ ಹಿಂದಿನ ಹಾಳಿಯೊಳಗ
ನನ್ನ ಕೂಲಿ ಗೆರಿಗೆರಿಯಾಗಿ ಇನ್ನೂ ಅದ.
ಐದಕ್ಕೊಂದು ಅಡ್ಡಗೆರಿ.

ತಿಕೋಟಾದ ಆಚಿ, ಡೋಣಿ ಹೊಳಿ ಕಡೆ ಇಳಿಯೂ ಇಳಕಲದಾಗ
ನಾಕೆಕರೆ ತ್ವಾಟ. ನನಗಾಗ ಹದಿನೇಳು.
ಛರ್ರಿ ಬಂದೂಕು ಕೈಗೆ ಬಂದಾಗ
ಎಡಗಾಲು ಎಳಿಯೂದು ಮರತೇ ಹೋಗಿತ್ತು.

ಮೊದಲನೇ ಕಾಗಿ
ತಂತಿ ಮ್ಯಾಲಿಂದ ಬಿದ್ದಾಗ ಸಪ್ಪಳ ಇರಲಿಲ್ಲ,
ಹಸಿ ಅರಬಿ ಜಾರಿಧಾಂಗ.
ಆಮ್ಯಾಲ ಶುರು ಆತು.
ಎಲ್ಲಿದ್ದವೋ ಏನೋ, ಜಾಲಿಗಿಡ ಕರ್ರಗಾತು,
ಪಂಚಾಯ್ತಿ ಕೂಡಿಧಾಂಗ ಕೂಡಿ
ತಾಸೊತ್ತು ನನ್ನ ಹೆಸರಿಡಿದು ಬೈದ್ವು.
ಮರುದಿನ ಅಂಗಿ ಬದಲಿಸಿದೆ. ಗುರ್ತು ಹಿಡಿದ್ವು.
ರುಮಾಲು ಸುತ್ತಿದೆ. ಗುರ್ತು ಹಿಡಿದ್ವು.
ಕಾಕಾನ ಮಗಳು ಚೆನ್ನಕ್ಕ ನಕ್ಕಳು:
“ಮಾರಿ ಅಲ್ಲೋ, ಅವು ನಿನ್ನ ನಡಿಗಿ ನೋಡ್ತಾವ.”

ನರಿ ಬ್ಯಾರೆ ಮಾತು.
ಮಾಗಿ ಮುಗಿದು ನೆಲ ಬಿರಿಯೂ ಹೊತ್ತಿಗೆ
ಹಣ್ಣಿಗಿಂತ ಮೊದಲ ಪೈಪಿಗೆ ಬಾಯಿ ಹಾಕೂದು.
ಕರಿ ಪೈಪಿನಾಗ ಹರಿಯೂ ನೀರಿನ ಸದ್ದು
ನೆಲಕ್ಕ ಕಿವಿ ಹಚ್ಚಿ ಕೇಳತಿತ್ತೇನೋ.
ಮುಂಜಾನೆ ನೋಡಿದರ ಸಾಲಿಗೆ ಸಾಲೇ ಕಾರಂಜಿ,
ಕೊನೀ ಬಳ್ಳಿ ಬಾಯಾರಿ ನಿಂತಿರತಿತ್ತು.

ಅಮಾಸಿ ಮುಂದ ಮೂರು ರಾತ್ರಿ ಕುಂತೆ,
ಕಾಕಾನ ಒಂಟಿನಳಗಿ ತೊಡಿ ಮ್ಯಾಲ.
ನಾಕನೇ ರಾತ್ರಿ ಬ್ಯಾಟರಿ ಹಾಕಿದರ
ಎರಡು ಹಸರ ಕಿಡಿ.
ಓಡಲಿಲ್ಲ. ನೀರು ಕುಡಿಯೂದು ಮುಗಿದಿರಲಿಲ್ಲ.
ಮುಗಸ್ಲಿ ಅಂತ ನಾ ಕಾಯಲಿಲ್ಲ.
ಇಷ್ಟು ಮಾತ್ರ ವಹಿಯೊಳಗಿಲ್ಲ.

ಹೊಟ್ಟಿ ಸೀಳಿದಾಂವ ಕಾಕಾನೇ,
ಎಷ್ಟು ಹಣ್ಣು ತಿಂದದ ನೋಡೂಣು ಅಂತ.
ಇಲಿ ಐದು, ಮೂರು ಇನ್ನೂ ಬಾಲದ ಸಮೇತ.
ಬಾರಿಹಣ್ಣಿನ ಬೀಜ ಒಂದು ಹಿಡಿ.
ಉಗುರಿನಷ್ಟು ಕರಿ ಪೈಪಿನ ತುಂಡು.
ಹಣ್ಣು? ಇತ್ತೋ ಇಲ್ಲೋ.
ನಮ್ಮದು ಬೀಜಿಲ್ಲದ ದ್ರಾಕ್ಷಿ,
ಉಳಿಯೂದಿಲ್ಲ ಸಾಕ್ಷಿ.
ಕಾಕಾ ಕೈ ತೊಳಕೊಂಡ. ಮುನ್ನೂರು ಎಣಿಸಿ ಕೊಟ್ಟ.

ಹನ್ನೊಂದು ನರಿ ಗೆರಿ ಬಿದ್ದ ಮ್ಯಾಲ, ಮುಂದಿನ ಸುಗ್ಗಿಗೆ,
ಒಣಗಿಸೂ ಶೆಡ್ಡಿನಾಗ ರಾತ್ರಿಯಿಡೀ ಕಿರಕಿರ.
ಜಾಳಿಗಿಯ ಅಂತಸ್ತು ಅಂತಸ್ತಿಗೆ ಇಲಿ,
ಚೀಲದಾಗ ಇಲಿ, ಮೋಟರ್ ಡಬ್ಬಿ ವಾಯರಿನಾಗ ಇಲಿ.
ನರಿ ಕಡದ ಪೈಪಿಗೆ ಒಂದೇ ಗಾಯ;
ಇಲಿ ಕಡದದ್ದು ಹೊಲಿಗಿ ಹಾಕಿಧಾಂಗ, ಉದ್ದಕ್ಕೂ.
ಕಾಕಾ ಔಷಧ ತಂದ. ಇಲಿ ಸತ್ವು.
ಇಲಿ ತಿಂದ ಗೂಗಿ ಬಾವಿಕಟ್ಟಿ ಮ್ಯಾಲ ಬಿದ್ದಿತ್ತು,
ಬಾಯಿ ತೆರಕೊಂಡು, ಏನೋ ಕೇಳಾಕ ಬಂದು
ಮರತು ಹೋದವರಂಗ.

ನರಿ ಶರಣ ಅಂತ ನಾ ಹೇಳೂದಿಲ್ಲ.
ಕಾಶವ್ವನ ಆಡಿನ ಮರಿ, ಎಂಟು ದಿನದ್ದು, ಒಯ್ದದ್ದೂ ನರಿಯೇ.
ಆಕಿ ಇಂದಿಗೂ ನನ್ನ ಬಂದೂಕಿಗೆ ಆಯುಷ್ಯ ಬೇಡ್ತಾಳ.
ಎರಡೂ ಖರೆ.
ಒಂದು ಪರಡಿಯಾಗ ಆಕಿ ಮರಿ, ಇನ್ನೊಂದರಾಗ ಐದಿಲಿ,
ಮುಳ್ಳು ನೋಡಿದವರು ಯಾರು?
ನಮ್ಮ ಶೆಡ್ಡಿನ ಕಾಟಾ ಗ್ರಾಮು ಸೈತ ತೋರಸ್ತದ;
ಹೊಳಿದಂಡಿ ಕಾಟಾಕ್ಕ ಮುಳ್ಳೇ ಇಲ್ಲ,
ತೂಕ ತಪ್ಪಿದ್ದು ಬರೂ ವರ್ಷ ತಿಳೀತದ.

ಕಾಕಾ ಸತ್ತ ಹನ್ನೊಂದನೇ ದಿನ
ಎಡಿ ಇಟ್ಟು ದೂರ ನಿಂತಾಗ
ಬೀಗರೆಲ್ಲ ನನ್ನ ಕಡೆ ತಿರುಗಿ ನೋಡಿದ್ರು.
ಕಾಗಿ ಬರೂದಿಲ್ಲ, ಇವ ಇರೂತನ ಬರೂದಿಲ್ಲ.
ಬಂದ್ವು. ಮೂರು.
ಅನ್ನಕ್ಕ ಜಗಳಾಡಿ, ಎಲಿ ಹರಿದು, ಹೋದ್ವು.
ಸಿಟ್ಟಿರಲಿಲ್ಲ, ಕ್ಷಮಾನೂ ಇರಲಿಲ್ಲ.
ಹಸಿವಿತ್ತು.

ಈಗ ಚೆನ್ನಕ್ಕನ ಪಾಲಿನ ತ್ವಾಟ ನಾನೇ ನೋಡ್ತೀನಿ.
ಹೊಳಿ ಕಡೆಯ ಕೊನೀ ಸಾಲಿನಾಗ
ಒಂದು ಪೈಪಿನ ಬಾಯಿ ಬೇಕಂತ ಮುಚ್ಚಿಲ್ಲ,
ಕೆಳಗ ಕಂಠ ಒಡದ ಗಡಗಿ.
ದಯಾ ಅಲ್ಲ, ವ್ಯವಹಾರ.
ರಾತ್ರಿ ಒಂದು ಕೂಗಿದರ ಆಚಿದಂಡಿಯಿಂದ ಇನ್ನೊಂದು;
ಎಣಸಾಕ ಹತ್ತಿ ಬಿಟ್ಟುಬಿಡ್ತೀನಿ.

ಮುಂಜಾನೆ ಬದುವಿನ ಮ್ಯಾಲ ಬರಿಗೈಲೆ ಬರೂವಾಗ
ತಂತಿ ಮ್ಯಾಲಿನ ಕಾಗಿ ಒಂದು ಕೂಗು ಹಾಕತದ.
ಇಪ್ಪತ್ತೈದು ವರ್ಷ ಆತು.
ನಾ ಗುರಿ ಹಿಡದಾಗ ಅದರ ಅವ್ವ ಸೈತ ಹುಟ್ಟಿರಲಿಲ್ಲ.
ಆದರೂ ಜಾಲಿಗಿಡ ಕರ್ರಗಾಗತದ.

ಅಂಗಿ ಬದಲಿಸೀನಿ. ಮನಸೂ ಅಷ್ಟೋ ಇಷ್ಟೋ.
ನಡಿಗಿ ಹ್ಯಾಂಗ ಬದಲಿಸಲಿ?