ಮೊದಲ ಕ್ಯಾನು, ಮಿಕ್ಕ ಕ್ಯಾನು

ಮೈಸೂರಿನ ಹಳೇ ಪುಸ್ತಕದಂಗಡಿಯಲ್ಲಿ ನಲವತ್ತು ರೂಪಾಯಿಗೆ ಸಿಕ್ಕಿತು.
ಮೊದಲ ಮೂವತ್ತು ಪುಟ ಇರಲಿಲ್ಲ.
ಹಾಗಾಗಿ ಈ ಭಾಷೆ ಯಾಕೆ ಬೇಕು ಎಂಬುದನ್ನು
ನಾನು ಇವತ್ತಿಗೂ ಓದಿಲ್ಲ.
ಮೂವತ್ತೊಂದರಿಂದ ಶುರುಮಾಡಿದೆ,
ಡೇರಿಯ ಮೇಜಿನ ಮೇಲೆ,
ಸಂಜೆ ಹಾಲು ಬರುವುದಕ್ಕೆ ಮುಂಚಿನ ಒಂದು ಗಂಟೆ.

ಹೆಸರು ಹೇಳಿದರೆ ಮಂಡ್ಯದ ಕಂಪ್ಯೂಟರ್ ಕ್ಲಾಸಿನ ಮೇಷ್ಟ್ರು
'ಅದು ಇನ್ನೂ ಇದೆಯಾ?' ಅಂದರು,
ದೂರದ ನೆಂಟನೊಬ್ಬನನ್ನು ವಿಚಾರಿಸುವ ಹಾಗೆ.
ಅದನ್ನು ಕಲಿತರೆ ಕೆಲಸ ಸಿಗೋಲ್ಲಮ್ಮ.
ಕೆಲಸ ಇದೆಯಲ್ಲ ಸಾರ್, ಅಂದೆ.
ನೂರ ಹನ್ನೆರಡು ಮನೆ, ಎರಡು ಹೊತ್ತು,
ಲೀಟರು, ಫ್ಯಾಟು, ಡಿಗ್ರಿ,
ಹತ್ತು ದಿನಕ್ಕೊಮ್ಮೆ ಬಟವಾಡೆ.

ಮೊದಲ ವಾರ ಬರೀ ಜಗಳ.
ಒಮ್ಮೆ ಹೆಸರಿಟ್ಟರೆ ಇಟ್ಟ ಹಾಗೆಯೇ ಇರಬೇಕು.
ಒಟ್ಟು ಅಂದರೆ ಒಟ್ಟು, ಅದಕ್ಕೆ ಇನ್ನಷ್ಟು ಸುರಿಯುವಂತಿಲ್ಲ.
ನಾನು ಹುಟ್ಟಿದಾಗಿನಿಂದ ನೋಡಿದ್ದು ಸುರಿಯುವುದನ್ನೇ:
ಚೊಂಬಿನಿಂದ ಅಳತೆಗೆ, ಅಳತೆಯಿಂದ ಕ್ಯಾನಿಗೆ,
ಕ್ಯಾನಿನಿಂದ ಲಾರಿಗೆ.
ಇದು ಮಾತ್ರ, ಸುರಿಯಬೇಡ, ಹೊಸ ಪಾತ್ರೆ ತಾ ಅನ್ನುತ್ತದೆ.
ಎಷ್ಟು ಅಂತ ಪಾತ್ರೆ ತರುವುದು?

ಮಡಿ ಬೇರೆ.
ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ಇಲ್ಲದ ಮಡಿ.
ಲೆಕ್ಕ ಮಾಡುವ ಕೋಣೆಗೆ ಹೊರಗಿನದ್ಯಾವುದೂ ಬರಕೂಡದು.
ಗಡಿಯಾರ, ಪ್ರಿಂಟರು, ಇವತ್ತಿನ ತಾರೀಖು
ಎಲ್ಲ ಹೊಸ್ತಿಲಾಚೆ, ಚಪ್ಪಲಿ ಜೊತೆ.
ಬಾಗಿಲಲ್ಲಿ ಕೊಟ್ಟದ್ದನ್ನು ತೆಗೆದುಕೊಂಡು
ಬಾಗಿಲಲ್ಲೇ ಉತ್ತರ ಕೊಡುತ್ತದೆ.
ಅದನ್ನೇ ಕೊಟ್ಟರೆ ಅದೇ ಉತ್ತರ,
ಹುಣ್ಣಿಮೆಯಾಗಲಿ ಅಮಾವಾಸ್ಯೆಯಾಗಲಿ,
ಕೇಳಿದವನು ಯಾರ ಮಗನಾದರೂ ಆಗಲಿ.
ಸಿಟ್ಟು ಬಂತು. ಆಮೇಲೆ ಅನ್ನಿಸಿತು,
ಊರಿನಲ್ಲಿ ಇಂಥವರು ಒಬ್ಬರಾದರೂ ಇದ್ದಿದ್ದರೆ.

ಸುತ್ತು ಹಾಕು ಅನ್ನುವ ಪದವೇ ಇಲ್ಲ ಅದರಲ್ಲಿ.
ಮೊದಲನೆಯದನ್ನು ನೋಡು. ಮಿಕ್ಕದ್ದಕ್ಕೂ ಇದನ್ನೇ ಮಾಡು.
ಅಷ್ಟು ಬರೆದು ಒತ್ತಿದೆ.
ಮೊದಲನೆಯದು, ಮಿಕ್ಕದ್ದು,
ಮಿಕ್ಕದ್ದರಲ್ಲಿ ಮೊದಲನೆಯದು, ಮತ್ತೆ ಮಿಕ್ಕದ್ದು, ಮತ್ತೆ
ಫ್ಯಾನು ಕೂಗಿ ಪರದೆ ಹೆಪ್ಪುಗಟ್ಟಿ
ಹಾಲು ತಂದವರ ಸಾಲು ಬೇವಿನ ಮರ ದಾಟಿತು.

ಕ್ಯಾನು ತೊಳೆಯಲು ಬರುವ ಚಲುವ, ಒಂಬತ್ತನೇ ಕ್ಲಾಸು,
ಒದ್ದೆ ಕೈ ಚಡ್ಡಿಗೆ ಒರೆಸಿಕೊಂಡು ಬಗ್ಗಿ ನೋಡಿದ.
ಹೆಸರುಗಳನ್ನೆಲ್ಲ ನಮ್ಮ ಮಾತಿನಲ್ಲೇ ಇಟ್ಟಿದ್ದೆ.
'ಅಕ್ಕಾ, ಮೊದಲ್ನೆ ಕ್ಯಾನು ತೊಳಿ, ಮಿಕ್ಕಿದ್ನೂ ಅಂಗೇ ತೊಳಿ ಅಂದಿದ್ದೀಯ.
ಕ್ಯಾನು ಮುಗುದೋದ್ರೆ ಏನ್ಮಾಡದು ಅಂತ ಏಳೇ ಇಲ್ವಲ್ಲ.'

ಕ್ಯಾನು ಮುಗಿದರೆ, ಸೊನ್ನೆ.
ಒಂದೇ ಸಾಲು. ಎಲ್ಲಕ್ಕಿಂತ ಮೇಲೆ ಬರೆದೆ.

ಮೂರನೇ ಬಟವಾಡೆಯಲ್ಲಿ ಹೊಂಬಾಳಮ್ಮ ಬಂದರು.
ನಾಲ್ಕು ಪಾಯಿಂಟ್ ಒಂದು ಇದ್ದ ಫ್ಯಾಟನ್ನು
ಒಂದು ಪಾಯಿಂಟ್ ನಾಲ್ಕು ಅಂತ ಒತ್ತಿಬಿಟ್ಟಿದ್ದೆ.
'ಒರ್ಸಾಕು ಬುಡವ್ವ, ಅದೇನ್ ಕಲ್ಲಲ್ ಕೆತ್ತೀದ್ಯಾ?'
ಒಂದು ಲೆಕ್ಕಕ್ಕೆ ಹೌದು, ಕಲ್ಲೇ.
ಅದರ ಕೆಳಗೆ ಇನ್ನೊಂದು ಸಾಲು ಬಂತು,
ಚೀಟಿಯಲ್ಲಿ ಎರಡೂ ಅಚ್ಚಾದವು.
'ಇದ್ಯಾಕ್ ಎಲ್ಡು?'
ಮೇಲಿನದು ನನ್ನ ತಪ್ಪು, ಕೆಳಗಿನದು ನಿಮ್ಮ ಹಾಲು.
ಅವರು ಚೀಟಿಯನ್ನು ದೀಪದ ಹತ್ತಿರ ಹಿಡಿದರು,
ಓದಲು ಬರದ ಕಣ್ಣಿನಿಂದ ಎರಡು ಸಾಲನ್ನೂ ಅಳೆದು
ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು.
'ತಪ್ಗೂ ಚೀಟಿ ಕೊಡ್ತೀಯಲ್ಲವ್ವ, ನೀನೊಬ್ಳೆ.'

ಕಾರ್ಯದರ್ಶಿಗಳಿಗೆ ಬೇರೆಯದೇ ಚಿಂತೆ.
ನೀನು ನಾಲ್ಕು ದಿನ ಮಲಗಿದರೆ ಇದನ್ನು ಯಾರು ಓದುವುದು,
ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲವಲ್ಲ?
ನಿಜ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ.

ಪುಸ್ತಕ ಸದ್ಯ ಚಲುವನ ಸ್ಕೂಲ್ ಬ್ಯಾಗಿನಲ್ಲಿದೆ.
ನನ್ನ ಕೈಯಲ್ಲಿದ್ದಾಗಲೇ ಇನ್ನೆರಡು ಹಾಳೆ ಉದುರಿದವು.
ಅವನು ಮೂವತ್ತೈದರಿಂದ ಶುರುಮಾಡಿದ್ದಾನೆ.